ಕಾನೂನು ಮೆಚ್ಚಿದ ದ್ರೋಹ

ನಾಟಕ ಶುರುವಾದ ಸ್ವಲ್ಪ ಹೊತ್ತಿಗೇ ವಿನ್ನಿ ಬೋಲ್ಜಾನೋ ಎಂಬ ಹುಡುಗನ ಸುದ್ದಿ ಬರುತ್ತದೆ. ಮನೆಯಲ್ಲಿ ಅಡಗಿದ್ದ ಸ್ವಂತ ಬಂಧುವನ್ನೇ ವಲಸೆ ಇಲಾಖೆಗೆ ಹಿಡಿದುಕೊಟ್ಟವನು ಅವನು. ಅಪ್ಪ, ಅಣ್ಣತಮ್ಮಂದಿರು ಸೇರಿ, ತಲೆ ಮೆಟ್ಟಿಲು ಮೆಟ್ಟಿಲಿಗೂ ಬಡಿಯುವಂತೆ ಮೂರು ಮಹಡಿ ದರದರ ಎಳೆತಂದು ಬೀದಿಯಲ್ಲಿ ಉಗಿದರಂತೆ. ಸಾಕಿದ ಹುಡುಗಿ ಕ್ಯಾಥರೀನ್‌ಗೆ ಎಡ್ಡಿ ಕಾರ್ಬೋನ್ ಮತ್ತು ಅವನ ಹೆಂಡತಿ ಬಿಯಾಟ್ರಿಸ್ ಇದನ್ನು ಎಚ್ಚರಿಕೆಯಾಗಿ ಹೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಧಾಟಿಯಲ್ಲಿ ಎಡ್ಡಿಯ ಬುದ್ಧಿವಾದ ಬೇರೆ. ಎರಡನೇ ಅಂಕದಲ್ಲಿ ಫೋನ್ ಬೂತ್ ಹೊಕ್ಕು ಅದೇ ಇಲಾಖೆಗೆ ವಿಳಾಸ ಒಪ್ಪಿಸುವವನು ಈ ಎಡ್ಡಿಯೇ.

ಆರ್ಥರ್ ಮಿಲ್ಲರ್ ಅವರ ‘ಎ ವ್ಯೂ ಫ್ರಮ್ ದ ಬ್ರಿಜ್’ ಬ್ರಿಟನ್ನಿನ ಶಾಲಾ ಪರೀಕ್ಷೆಗಳಿಗೆ ವರ್ಷಗಟ್ಟಲೆ ಪಠ್ಯವಾಗಿದ್ದ ನಾಟಕ. ಗೈಡುಗಳ ಉತ್ತರ ಸಿದ್ಧವಾಗಿರುತ್ತದೆ: ಒಂದು ಕಡೆ ಅಮೆರಿಕದ ಕಾನೂನು, ಇನ್ನೊಂದು ಕಡೆ ಸಿಸಿಲಿಯ ಮರ್ಯಾದೆ, ನಡುವೆ ಸಿಕ್ಕಿಕೊಂಡ ನ್ಯಾಯ. ಬರೆದರೆ ಅಂಕ ಬೀಳುತ್ತದೆ, ನಾಟಕ ಮಾತ್ರ ಕೈತಪ್ಪುತ್ತದೆ. ಏಕೆಂದರೆ ಫೋನ್ ಮಾಡಿದ ಎಡ್ಡಿ ಯಾವ ಕಾನೂನನ್ನೂ ಮುರಿದಿಲ್ಲ. ಇಲಾಖೆಯ ಲೆಕ್ಕದಲ್ಲಿ ಅವನು ಒಳ್ಳೆಯ ನಾಗರಿಕ. ಮುರಿದವರು ಅವನ ಮನೆಯ ನೆಲದ ಮೇಲೆ ಮಲಗುವ ನೆಂಟರು, ಹೆಂಡತಿಯ ಕಡೆಯ ಮಾರ್ಕೋ ಮತ್ತು ರೊಡಾಲ್ಫೊ.

ಆ ಕಾನೂನು ಎಂಥದ್ದು? ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲವು ವರ್ಷ ಎರಡು ಲಕ್ಷಕ್ಕೂ ಮಿಕ್ಕಿ ಇಟಾಲಿಯನ್ನರನ್ನು ಬರಮಾಡಿಕೊಂಡ ದೇಶ, 1924ರ ಕಾಯ್ದೆಯಲ್ಲಿ ಇಟಲಿಗೆ ಕೊಟ್ಟ ಪಾಲು ವರ್ಷಕ್ಕೆ 3,845. ಮುಂದೆ ಅದು ಸ್ವಲ್ಪ ಏರಿದರೂ ಆರು ಸಾವಿರ ಮುಟ್ಟಲಿಲ್ಲ. (1946ರಲ್ಲಿ ಭಾರತಕ್ಕೆ ಕರುಣಿಸಿದ್ದು ನೂರು!) ಊರಲ್ಲಿ ಮಾರ್ಕೋನ ಮೂರು ಮಕ್ಕಳಿಗೆ ಹೊಟ್ಟೆಗಿಲ್ಲ, ಒಬ್ಬನಿಗೆ ಎದೆಯ ಕಾಯಿಲೆ. ಸರದಿಯಲ್ಲಿ ನಿಂತು ಕಾಯುವ ಬಾಬತ್ತಲ್ಲ ಅದು.

ನಾಟಕದ ನಿಜವಾದ ಹೃದಯ ವಕೀಲ ಆಲ್ಫಿಯೇರಿಯ ಕಚೇರಿ. ಕ್ಯಾಥರೀನ್ ರೊಡಾಲ್ಫೊನನ್ನು ಮೆಚ್ಚಿದ್ದಾಳೆ, ಅವನಿಗೆ ಬೇಕಿರುವುದು ಹುಡುಗಿಯಲ್ಲ, ಪೌರತ್ವದ ಕಾಗದ ಎಂದು ಎಡ್ಡಿ ದೂರು ತರುತ್ತಾನೆ. ಹುಡುಗಿ ವಲಸೆಗಾರನನ್ನು ಪ್ರೀತಿಸುವುದು ಅಪರಾಧವಲ್ಲ ಎನ್ನುತ್ತಾನೆ ವಕೀಲ. ಅಷ್ಟಕ್ಕೇ ಬಿಡಬಹುದಿತ್ತು. ಕಾನೂನಿಗೆ ಸಂಬಂಧಪಟ್ಟದ್ದು ಒಂದೇ ಇದೆ, ಅವರು ದೇಶದೊಳಗೆ ಬಂದ ರೀತಿ, ಅದರ ತಂಟೆಗೆ ನೀನು ಹೋಗಲಾರೆ ಅಂದುಕೊಂಡಿದ್ದೇನೆ ಎಂದೂ ಸೇರಿಸುತ್ತಾನೆ. ಬೇಡ ಎನ್ನುತ್ತಲೇ ಬೀಗದ ಕೈ ಎಲ್ಲಿದೆ ಎಂದು ತೋರಿಸಿದಂತಾಯಿತು. ಮಿಲ್ಲರ್ ಇದನ್ನು ಎತ್ತಿ ತೋರಿಸುವುದಿಲ್ಲ, ಮಾತಿನ ನಡುವೆ ಸರಿದುಹೋಗಲು ಬಿಡುತ್ತಾರೆ. ಎಡ್ಡಿ ಎರಡನೇ ಸಲ ಬಂದು ಹೋಗುವಾಗ ರಂಗದ ಕತ್ತಲಲ್ಲಿ ಫೋನ್ ಬೂತ್ ಮಂಕಾಗಿ ಬೆಳಗತೊಡಗುತ್ತದೆ.

ಆಲ್ಫಿಯೇರಿಯನ್ನು ಗ್ರೀಕ್ ಮೇಳಕ್ಕೆ ಹೋಲಿಸುವುದು ರೂಢಿ. ಯಕ್ಷಗಾನ ನೋಡಿ ಬೆಳೆದವರಿಗೆ ಭಾಗವತ ನೆನಪಾದರೆ ತಪ್ಪಿಲ್ಲ: ಕಥೆ ನಡೆಸುತ್ತ ಪಾತ್ರಗಳೊಡನೆ ಮಾತಿಗೂ ಇಳಿಯುವವನು. ಆದರೆ ಭಾಗವತನಿಗೆ ಕಥೆಯ ಪಾಪದಲ್ಲಿ ಪಾಲಿಲ್ಲ. ಈ ವಕೀಲನಿಗೆ ಇದೆ.

ಹಿಡಿದುಕೊಡುವವನ ಕಥೆ ಎಂದ ಕೂಡಲೇ ನಿರ್ದೇಶಕ ಎಲಿಯಾ ಕಜಾನ್ ಹೆಸರು ಬರುತ್ತದೆ. 1952ರಲ್ಲಿ ಅವರು ಕಮ್ಯುನಿಸ್ಟ್ ವಿರೋಧಿ ಸಂಸದೀಯ ಸಮಿತಿಯ ಮುಂದೆ ಹಳೆಯ ಗೆಳೆಯರ ಹೆಸರು ಹೇಳಿದರು. 1954ರಲ್ಲಿ ಬಂದ ಅವರ ‘ಆನ್ ದ ವಾಟರ್‌ಫ್ರಂಟ್’ ಚಿತ್ರದಲ್ಲಿ ಬಂದರಿನ ಸಾಕ್ಷಿದಾರನೇ ನಾಯಕ. ಮರುವರ್ಷವೇ ಮಿಲ್ಲರ್ ನಾಟಕ. 1956ರಲ್ಲಿ ಅದೇ ಸಮಿತಿ ಕರೆದಾಗ ಮಿಲ್ಲರ್ ಹೆಸರು ಹೇಳಲು ಒಪ್ಪಲಿಲ್ಲ, ಶಿಕ್ಷೆಯೂ ಆಯಿತು, 1958ರಲ್ಲಿ ಅದು ರದ್ದಾಯಿತು. ನಾಟಕವನ್ನು ಕಜಾನ್‌ಗೆ ಕೊಟ್ಟ ಉತ್ತರವೆಂದು ಓದುವುದು ಸುಳ್ಳಲ್ಲ, ಸಣ್ಣದು. ಎಡ್ಡಿಯನ್ನು ಫೋನಿನ ಬಳಿ ತಳ್ಳುವುದು ಭಯವೂ ಅಲ್ಲ, ಸಿದ್ಧಾಂತವೂ ಅಲ್ಲ. ತಾನೇ ಸಾಕಿದ ಹುಡುಗಿಯ ಮೇಲಿನ, ತನಗೇ ಹೇಳಿಕೊಳ್ಳಲಾಗದ ಮೋಹ. ಅದನ್ನು ಕೊನೆಗೆ ಬಾಯಿಬಿಟ್ಟು ಹೇಳುವವಳು ಬಿಯಾಟ್ರಿಸ್. ಆಲ್ಫಿಯೇರಿ ಸುತ್ತಿ ಬಳಸಿ ಹೇಳಿದ್ದನ್ನು ಅವಳು ಒಂದೇ ಏಟಿಗೆ ಹೇಳುತ್ತಾಳೆ.

ಇನ್ನೊಂದು ವಿವರ ಗೈಡುಗಳಲ್ಲಿ ಒಂದು ಸಾಲಿಗೆ ಮುಗಿದುಹೋಗುತ್ತದೆ. ಮಾರ್ಕೋ, ರೊಡಾಲ್ಫೊ ಎಡ್ಡಿಯ ಮನೆ ಬಿಟ್ಟು ಹೋಗಿ ಸೇರಿದ ಮೇಲಿನ ಮಹಡಿಗೆ ಆಗಷ್ಟೇ ಇನ್ನಿಬ್ಬರು ಬಂದಿರುತ್ತಾರೆ, ಕಟುಕ ಲಿಪಾರಿಯ ಕಡೆಯವರು. ಎಡ್ಡಿಗೆ ಇದು ತಿಳಿಯುವುದು ಫೋನ್ ಇಟ್ಟಮೇಲೆ. ಒಂದು ಮನೆಯ ಜಗಳಕ್ಕೆಂದು ಬೀಸಿದ ಬಲೆಗೆ ಬೀದಿಯೇ ಬೀಳುತ್ತದೆ. ಮಾರ್ಕೋ ಮುಖಕ್ಕೆ ಉಗುಳಿ ತನ್ನ ಮಕ್ಕಳನ್ನು ಕೊಂದವನು ಇವನೇ ಎಂದು ಸಾರಿದಾಗ ಎಡ್ಡಿ ಲಿಪಾರಿಯತ್ತ ತಿರುಗುತ್ತಾನೆ. ಲಿಪಾರಿ ಮಾತಾಡದೆ ಬೆನ್ನು ತಿರುಗಿಸಿ ನಡೆಯುತ್ತಾನೆ. ಎಡ್ಡಿಯ ಜೊತೆ ಬಂದರಿನಲ್ಲಿ ದುಡಿಯುವ ಗೆಳೆಯರೂ ಅಷ್ಟೇ.

ಇಷ್ಟಾಗಿಯೂ ಮುಕ್ತಾಯದಲ್ಲಿ ಆಲ್ಫಿಯೇರಿ, ತನ್ನನ್ನು ಪೂರ್ತಿ ಬಯಲು ಮಾಡಿಕೊಂಡವನೆಂದು ಎಡ್ಡಿಯನ್ನು ಕೊಂಡಾಡುತ್ತಾನೆ. ಸಾಯುವವರೆಗೂ ತನ್ನ ಹೆಸರು ವಾಪಸ್ ಕೊಡೆಂದು ಮಾರ್ಕೋನೆದುರು ಹಟ ಹಿಡಿದವನಿಗೆ ಈ ಮಾತು ಸ್ವಲ್ಪ ದೊಡ್ಡದಾಯಿತು. ಗಡೀಪಾರಿಗೆ ಕಾದಿರುವ ಲಿಪಾರಿಯ ಹುಡುಗರಿಗೆ ಅಲ್ಲಿ ಒಂದು ಶಬ್ದವೂ ಇಲ್ಲ.

1955ರಲ್ಲಿ ನ್ಯೂಯಾರ್ಕ್‌ನಲ್ಲಿ ಏಕಾಂಕವಾಗಿ ಬಂದಾಗ ನಾಟಕ ಹೆಚ್ಚು ನಿಲ್ಲಲಿಲ್ಲ. 1956ರಲ್ಲಿ ಪೀಟರ್ ಬ್ರೂಕ್ ಲಂಡನ್‌ನಲ್ಲಿ ಎರಡಂಕದ ರೂಪವನ್ನು ಆಡಿಸಿದರು. ಎಡ್ಡಿ ರೊಡಾಲ್ಫೊನಿಗೆ ಮುತ್ತಿಡುವ ದೃಶ್ಯಕ್ಕೆ ಅಲ್ಲಿನ ಸೆನ್ಸಾರ್ ಅಡ್ಡ ಬಂದಾಗ ಥಿಯೇಟರನ್ನು ಕ್ಲಬ್ ಮಾಡಲಾಯಿತು. ಸದಸ್ಯತ್ವ ಕೊಂಡವರ ಮುಂದೆ ಅದೇ ಮುತ್ತು ಕಾನೂನುಬದ್ಧ! ಅದಕ್ಕಿಂತ ಮುಖ್ಯ, ಲಂಡನ್‌ನಲ್ಲಿ ನಟರ ಸಂಬಳ ಕಡಿಮೆಯಿದ್ದುದರಿಂದ ಇಪ್ಪತ್ತು ಜನ ನೆರೆಹೊರೆಯವರನ್ನು ರಂಗಕ್ಕೆ ತರುವುದು ಸಾಧ್ಯವಾಯಿತೆಂದು ಮಿಲ್ಲರ್ ಬರೆದುಕೊಂಡಿದ್ದಾರೆ. ಬೀದಿಯೇ ನ್ಯಾಯಾಲಯವಾದ ನಾಟಕಕ್ಕೆ ಅಷ್ಟು ಜನ ಬೇಕೇ ಬೇಕು.

2014ರಲ್ಲಿ ಇವೊ ವಾನ್ ಹೋವ ಲಂಡನ್ನಿನ ಯಂಗ್ ವಿಕ್‌ನಲ್ಲಿ ಇದನ್ನು ಬರಿಗಾಲಿನ ನಟರು, ಬೋಳು ರಂಗ, ಕೊನೆಗೆ ಮೇಲಿಂದ ಸುರಿವ ರಕ್ತದ ಮಳೆಯೊಂದಿಗೆ ತೋರಿಸಿದರು. ಮಾರ್ಕ್ ಸ್ಟ್ರಾಂಗ್ ಎಡ್ಡಿಯಾಗಿದ್ದ ಆ ಪ್ರಯೋಗಕ್ಕೆ ಬಂದ ಹೊಗಳಿಕೆ ಸುಮ್ಮನೆ ಬಂದದ್ದಲ್ಲ. ಮೋಹ, ಹಟ, ಸಾವು ಮೂರೂ ಅಲ್ಲಿ ಚರ್ಮ ಸುಲಿದಷ್ಟು ಹಸಿಯಾಗಿದ್ದವು. ಕಿಟಕಿ, ಮಹಡಿ ಮೆಟ್ಟಿಲು, ಬೀದಿ ಮಾತ್ರ ಇರಲಿಲ್ಲ. ಲಿಪಾರಿ ಬೆನ್ನು ತಿರುಗಿಸಿ ನಡೆದುಹೋಗಬೇಕಾದ ದಾರಿ ಅದು.