ಎರಡು ಭೋಜನಶಾಲೆಗಳ ಹಗೆ: ಒಂದು ಕಥೆಯ ಎರಡು ರೂಪಗಳು

ಹಗೆಯು ಕಾವ್ಯಕ್ಕೆ ಬಹು ಹಳೆಯ ವಸ್ತು. ನೆಲಕ್ಕಾಗಿ ದಾಯಾದಿಗಳು ಕಾದಿದ ಕಥೆಯನ್ನು ಪಂಪ ರನ್ನರು ಹೇಳಿದರು. ಅಡಿಗೆಯಾದರೂ ನಮ್ಮ ಕವಿಗಳಿಗೆ ಕೀಳಾದ ವಿಷಯವೆಂದು ತೋರಿರಲಿಲ್ಲ. ೧೬ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಬರೆದನು. ಆದರೆ ಒಂದು ಸಣ್ಣ ಊರಿನಲ್ಲಿ ಎದುರುಬದುರಾಗಿರುವ ಎರಡು ಭೋಜನಶಾಲೆಗಳ ಹಗೆಯು ಗಂಭೀರವಾದ ಕೃತಿಯೊಂದಕ್ಕೆ ಆಧಾರವಾಗಬಲ್ಲುದೆ ಎಂಬ ಸಂದೇಹವು ಯಾರಿಗಾದರೂ ಬರುವುದು ಸಹಜ. ರಿಚರ್ಡ್ ಸಿ. ಮೊರೇಯ್ಸ್ ಅವರ ‘ದಿ ಹಂಡ್ರೆಡ್ ಫುಟ್ ಜರ್ನಿ’ ಎಂಬ ಇಂಗ್ಲಿಷ್ ಕಾದಂಬರಿಯು ೨೦೧೦ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸ್ಟೀವನ್ ನೈಟ್ ಅವರ ಚಿತ್ರಕಥೆಯನ್ನು ಹಿಡಿದು, ಸ್ವೀಡನ್ ದೇಶದ ಲಾಸೆ ಹಾಲ್‌ಸ್ಟ್ರೋಮ್ ಅವರು ಅದೇ ಹೆಸರಿನ ಚಲಚ್ಚಿತ್ರವನ್ನು ನಿರ್ದೇಶಿಸಿದರು. ಅದು ೨೦೧೪ರಲ್ಲಿ ತೆರೆಗೆ ಬಂದಿತು. ಈ ಎರಡನ್ನೂ ಒಂದರ ಪಕ್ಕದಲ್ಲೊಂದನ್ನಿರಿಸಿ, ಹಗೆಯು ಎಲ್ಲಿ ಹುಟ್ಟಿ ಹೇಗೆ ತೀರುತ್ತದೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಕಥೆಯ ಹಂದರವು ಸರಳವಾದುದು. ಮುಂಬಯಿಯಲ್ಲಿ ಹೋಟಲು ನಡೆಸುತ್ತಿದ್ದ ಮುಸಲ್ಮಾನ ಕುಟುಂಬವೊಂದು ಗಲಭೆಯ ಬೆಂಕಿಯಲ್ಲಿ ಮನೆಯ ತಾಯಿಯನ್ನು ಕಳೆದುಕೊಂಡು ದೇಶಾಂತರ ಹೊರಡುತ್ತದೆ. ಇಂಗ್ಲೆಂಡಿನಲ್ಲಿ ಕೆಲಕಾಲವಿದ್ದು, ಕಡೆಗೆ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ ನೆಲೆಯೂರಿ ‘ಮೇಸೋಂ ಮುಂಬಯಿ’ ಎಂಬ ಭೋಜನಶಾಲೆಯನ್ನು ತೆರೆಯುತ್ತದೆ. ನೂರು ಅಡಿಗಳ, ಎಂದರೆ ಸುಮಾರು ೩೦ ಮೀಟರುಗಳ ಅಂತರದಲ್ಲಿ, ರಸ್ತೆಯ ಆಚೆಗೆ, ಮದಾಮ್ ಮ್ಯಾಲರಿಯೆಂಬಾಕೆಯ ಹೆಸರಾಂತ ಫ್ರೆಂಚ್ ಭೋಜನಶಾಲೆಯಿದೆ. ಕಾದಂಬರಿಯಲ್ಲಿ ಈ ಊರು ಜೂರಾ ಪರ್ವತಪ್ರಾಂತದ್ದು. ಚಿತ್ರವನ್ನು ತೆಗೆದುದು ದಕ್ಷಿಣ ಫ್ರಾನ್ಸಿನ ಸೇಂಟ್ ಆಂಟೊನಿನ್ ನೋಬ್ಲ್ ವಾಲ್ ಎಂಬಲ್ಲಿ. ಮನೆಯ ಎರಡನೆಯ ಮಗನಾದ ಹಸನನಿಗೆ ಅಡಿಗೆಯು ಹುಟ್ಟಿನೊಡನೆ ಬಂದ ವಿದ್ಯೆ. ಅವನ ಕೈಗುಣವೇ ಎರಡು ಮನೆಗಳ ಹಗೆಗೂ ಕೂಟಕ್ಕೂ ಕಾರಣವಾಗುತ್ತದೆ.

ಹಗೆಯ ಮೊದಲ ಭಾಗವು ಹಾಸ್ಯದ್ದು. ಚಿತ್ರದಲ್ಲಿ ಮ್ಯಾಲರಿಯು ಎದುರುಮನೆಯ ಭಕ್ಷ್ಯಗಳ ಪಟ್ಟಿಯನ್ನು ತರಿಸಿ ನೋಡಿ, ಅವಕ್ಕೆ ಬೇಕಾದ ಪದಾರ್ಥಗಳನ್ನೆಲ್ಲ ಮುಂಜಾನೆಯೇ ಸಂತೆಯಲ್ಲಿ ಕೊಂಡುಬಿಡುತ್ತಾಳೆ. ತಂದೆಯೂ ಸುಮ್ಮನಿರತಕ್ಕವನಲ್ಲ, ಆಕೆಗೆ ಬೇಕಾದ ಪಾರಿವಾಳಗಳನ್ನು ತಾನು ಕೊಂಡು ಸೇಡು ತೀರಿಸಿಕೊಳ್ಳುತ್ತಾನೆ. ಇಬ್ಬರೂ ಊರಿನ ಮೇಯರನ ಬಳಿಗೆ ದೂರು ಹೊರುತ್ತಾರೆ. ಭೋಜನಪ್ರಿಯನಾದ ಮೇಯರನು ಇಬ್ಬರ ಮನೆಯ ಅಡಿಗೆಯನ್ನೂ ಬಿಡಲಾರನು. ಹೆಲೆನ್ ಮಿರೆನ್ ಅವರ ಬಿಗಿದ ತುಟಿಗೂ, ೨೦೧೭ರಲ್ಲಿ ತೀರಿಕೊಂಡ ಓಂ ಪುರಿಯವರ ತುಂಬುಕಂಠಕ್ಕೂ ಇಲ್ಲಿ ಒಳ್ಳೆಯ ಜೋಡಿಯೊದಗಿದೆ. ‘ಪ್ರೇಮಲೋಕ’ದ (೧೯೮೭) ಮೂಲಕ ಕನ್ನಡಿಗರಿಗೆ ಪರಿಚಿತರಾದ ಜೂಹಿ ಚಾವ್ಲಾ ಅವರು ತಾಯಿಯ ಪಾತ್ರದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣಿಸಿಕೊಂಡರೂ, ಆಕೆಯ ನೆನಪು ಕಥೆಯುದ್ದಕ್ಕೂ ಮಸಾಲೆಯ ಪರಿಮಳದಂತೆ ಉಳಿದಿರುತ್ತದೆ.

ಆದರೆ ಈ ಕಥೆಯ ಜೀವಾಳವು ಸಂತೆಯ ಜಗಳದಲ್ಲಿಲ್ಲ, ನಾಲಗೆಯ ತೀರ್ಪಿನಲ್ಲಿದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ತಿಳಿಸಲು ಅಡಿಗೆಯ ದೃಷ್ಟಾಂತವನ್ನೇ ಕೊಟ್ಟಿರುವುದು ವಾಚಕರಿಗೆ ತಿಳಿದ ವಿಷಯ. ನಾನಾ ವ್ಯಂಜನಗಳಿಂದ ಹದಗೊಂಡ ಅನ್ನದ ಸವಿಯನ್ನು ಅರಿಯುವವನು ಸುಮನಸನು, ಎಂದರೆ ಒಳ್ಳೆಯ ಮನಸ್ಸುಳ್ಳವನು. ಮ್ಯಾಲರಿಯ ಸ್ಥಿತಿಯು ಇದಕ್ಕೆ ತಿರುಗುಮುರುಗಾದುದು. ಆಕೆಯ ನಾಲಗೆಯು ಸಂಸ್ಕಾರವುಳ್ಳದ್ದು. ಮನಸ್ಸು ಮಾತ್ಸರ್ಯದಿಂದ ಕಲುಷಿತವಾದುದು. ಹಸನನು ಮಾಡಿ ತಂದ ಪಾರಿವಾಳದ ಮಾಂಸವನ್ನು ಆಕೆ ಒಂದು ತುತ್ತು ತಿಂದು ಕಸದ ಡಬ್ಬಕ್ಕೆ ಹಾಕುತ್ತಾಳೆ. ಕೈಯು ಎಸೆಯಿತು, ನಾಲಗೆಯು ಮರೆಯಲಿಲ್ಲ. ಮುಂದೆ, ಕೈಗಳು ಸುಟ್ಟು ಬಟ್ಟೆ ಕಟ್ಟಿಸಿಕೊಂಡ ಹಸನನು ಹೇಳಿದಂತೆ ಆಕೆಯೇ ತನ್ನ ಕೈಯಿಂದ ಆಮ್ಲೆಟ್ಟನ್ನು ಮಾಡಿ ರುಚಿ ನೋಡುವ ಸಂದರ್ಭವು ಚಿತ್ರದ ಶಿಖರ. ಕೈಗಳು ಹಗೆಯವಳವು, ಹದವು ಹುಡುಗನದು. ಹಗೆಗಾರನ ಗುಣವನ್ನು ಒಪ್ಪಲೊಲ್ಲದ ಮನಸ್ಸನ್ನು ನಾಲಗೆಯೇ ಬಗ್ಗಿಸಿ ಸುಮನಸ್ಸನ್ನಾಗಿ ಮಾಡುತ್ತದೆ. ಮಾತಿನಿಂದ ಸಾಧ್ಯವಾಗದ ಈ ಪರಿಣಾಮವನ್ನು ನೋಟದಿಂದ ಸಾಧಿಸಿರುವುದಕ್ಕಾಗಿ ನಿರ್ದೇಶಕರನ್ನು ಪ್ರಶಂಸಿಸತಕ್ಕುದೇ ಸರಿ.

ಇನ್ನು ಆಕ್ಷೇಪಣೆಗೆ ಬರೋಣ. ಹಸನನ ಕೈ ಸುಟ್ಟುದು ಹೇಗೆ? ಎರಡು ಕೃತಿಗಳೂ ಬೇರೆಯಾಗುವ ಸ್ಥಳವಿದು. ಕಾದಂಬರಿಯಲ್ಲಿ ಆ ಅಪಘಾತಕ್ಕೆ ಕಾರಣಳಾದವಳು ಮ್ಯಾಲರಿಯೇ. ತಾನು ಜೀವಮಾನವೆಲ್ಲ ದುಡಿದು ಪಡೆದುದಕ್ಕಿಂತ ಹೆಚ್ಚಿನದು ಈ ಪರದೇಶದ ಹುಡುಗನಿಗೆ ಹುಟ್ಟಿನಿಂದಲೇ ಬಂದಿದೆಯೆಂಬ ಅರಿವು ಆಕೆಯನ್ನು ಕುದಿಸುತ್ತದೆ. ಆ ಕುದಿತದಿಂದ ಹುಟ್ಟಿದ ಜಗಳದಲ್ಲಿ ಹುಡುಗನು ಬೆಂಕಿಗೆ ಸಿಕ್ಕುತ್ತಾನೆ. ಆಮೇಲೆ ಆಕೆಗೆ ಪಶ್ಚಾತ್ತಾಪವಾಗುತ್ತದೆ. ಹಸನನನ್ನು ತನ್ನಲ್ಲಿಗೆ ಶಿಷ್ಯನನ್ನಾಗಿ ಕಳುಹಿಸೆಂದು ಕೇಳಿ, ತಂದೆಯು ಒಪ್ಪದಿರಲು, ಅವನ ಅಂಗಳದಲ್ಲಿಯೇ ಕುಳಿತು ಅನ್ನವನ್ನು ಬಿಡುತ್ತಾಳೆ. ಊರಿಗೆಲ್ಲ ಉಣಬಡಿಸಿದವಳು ಎದುರುಮನೆಯ ಬಾಗಿಲಲ್ಲಿ ಉಪವಾಸ ಕೂರುವುದು ಎಷ್ಟು ಅರ್ಥವತ್ತಾದ ಕಲ್ಪನೆ! ಧರಣಿ ಕೂರುವ ಪದ್ಧತಿಯನ್ನು ಬಲ್ಲ ನಮ್ಮ ದೇಶದ ವಾಚಕರಿಗೆ ಇದರ ತೂಕವನ್ನು ವಿವರಿಸಬೇಕಾಗಿಲ್ಲ.

ಚಲಚ್ಚಿತ್ರವು ಈ ಅಪರಾಧವನ್ನು ಆಕೆಯ ಹೆಗಲಿನಿಂದ ಇಳಿಸಿಬಿಟ್ಟಿದೆ. ಇಲ್ಲಿ ಬೆಂಕಿಯಿಡುವವರು ಆಕೆಯ ಅಡಿಗೆಮನೆಯ ಜಾನ್ ಪಿಯೆರ್ ಎಂಬ ಬಾಣಸಿಗನೂ ಅವನ ಜೊತೆಗಾರರೂ. ಅವರು ಪರದೇಶೀಯರನ್ನು ಹಳಿಯುವ ಬರೆಹವನ್ನು ಗೋಡೆಯ ಮೇಲೆ ಬರೆದು ಹೋಗುತ್ತಾರೆ. ಮ್ಯಾಲರಿಯು ಅವನನ್ನು ಕೆಲಸದಿಂದ ತೆಗೆದು, ಸುರಿಯುವ ಮಳೆಯಲ್ಲಿ ತಾನೇ ನಿಂತು ಗೋಡೆಯನ್ನು ಉಜ್ಜಿ ತೊಳೆಯುತ್ತಾಳೆ. ದೃಶ್ಯವೇನೋ ಮನೋಹರವಾದುದು. ಆದರೆ ಆಕೆ ತೊಳೆಯುತ್ತಿರುವುದು ಬಹುಮಟ್ಟಿಗೆ ಪರರ ಪಾಪವನ್ನು. ನಾಗಚಂದ್ರನು ತನ್ನ ರಾಮಚಂದ್ರಚರಿತಪುರಾಣದಲ್ಲಿ ರಾವಣನ ಮನಃಪರಿವರ್ತನೆಯನ್ನು ಚಿತ್ರಿಸಿರುವುದನ್ನು ಇಲ್ಲಿ ನೆನೆಯಬಹುದು. ಸೀತೆಯ ದೃಢತೆಯನ್ನು ಕಂಡು ಆ ರಾವಣನು ಮರುಗುವಾಗ, ಮರುಕಕ್ಕೆ ಕಾರಣವಾದ ದೋಷವು ಅವನದೇ ಆಗಿದೆ. ಆದುದರಿಂದಲೇ ಆ ಪಾತ್ರವು ನಮ್ಮ ಗೌರವಕ್ಕೆ ಅರ್ಹವಾಯಿತು. ದೋಷವನ್ನು ಯಾವನೋ ಸೇವಕನ ಮೇಲೆ ಹೊರಿಸಿ ರಾವಣನನ್ನು ನಿರ್ದೋಷಿಯೆಂದು ತೋರಿಸಿದ್ದರೆ, ಅವನು ಒಳ್ಳೆಯವನಾಗಿ ಕಾಣುತ್ತಿದ್ದನು, ದೊಡ್ಡವನಾಗಿ ಕಾಣುತ್ತಿರಲಿಲ್ಲ. ಚಿತ್ರದ ಮ್ಯಾಲರಿಗೆ ಒದಗಿರುವ ನಷ್ಟವು ಇದೇ.

ಚಿತ್ರದ ಪರವಾಗಿ ಹೇಳತಕ್ಕ ಮಾತೊಂದುಂಟು. ಮುಂಬಯಿಯಲ್ಲಿ ಬೆಂಕಿಗೆ ತಾಯಿಯನ್ನು ಕೊಟ್ಟ ಕುಟುಂಬವನ್ನು, ಸಮುದ್ರಗಳನ್ನು ದಾಟಿ ಬಂದ ಮೇಲೂ ಅದೇ ದ್ವೇಷದ ಬೆಂಕಿಯು ಹಿಂಬಾಲಿಸಿತೆಂದು ತೋರಿಸಿ, ಇಬ್ಬರ ಜಗಳವನ್ನು ಕಾಲದ ವ್ಯಾಧಿಯೊಡನೆ ಜೋಡಿಸಲು ಚಿತ್ರಕಥೆಗಾರರು ಯತ್ನಿಸಿದ್ದಾರೆ. ಉದ್ದೇಶವು ಶ್ಲಾಘ್ಯವಾದುದು. ಆದರೆ ಗೋಡೆ ತೊಳೆದೊಡನೆ ಆ ವ್ಯಾಧಿಯ ಪ್ರಸ್ತಾಪವೂ ತೊಳೆದುಹೋಗುತ್ತದೆ. ಒಬ್ಬನನ್ನು ಕೆಲಸದಿಂದ ತೆಗೆದುದರಿಂದ ಊರಿನ ದ್ವೇಷವೆಲ್ಲ ತೆಗೆದಂತಾಯಿತೆಂದು ನಂಬುವುದು ಕಷ್ಟ. ಎದುರುಮನೆಯವರನ್ನು ಹೊರಗಿನವರೆಂದು ತಾನೂ ಬಹುಕಾಲ ಬಗೆದಿದ್ದ ಮ್ಯಾಲರಿಯ ತಿರಸ್ಕಾರಕ್ಕೂ ಆ ಬೆಂಕಿಗೂ ಇರುವ ಬಾಂಧವ್ಯವನ್ನು ಚಿತ್ರವು ಮುಟ್ಟಿ ನೋಡಿದ್ದರೆ ಅದರ ಗಾಂಭೀರ್ಯವು ಇಮ್ಮಡಿಯಾಗುತ್ತಿತ್ತು.

ಎರಡು ಕೃತಿಗಳಿಗೂ ಸಮಾನವಾದ ಇನ್ನೊಂದು ಕೊರತೆಯುಂಟು. ನೂರು ಅಡಿಗಳನ್ನು ದಾಟಿ ವಿದ್ಯೆ ಕಲಿಯಲು ಹೋಗುವವನು ಹಸನನೊಬ್ಬನೇ. ಆಚೆಯ ಮನೆಯಿಂದ ಈಚೆಯ ಮನೆಗೆ ಶಿಷ್ಯತ್ವಕ್ಕಾಗಿ ಯಾರೂ ಬರುವುದಿಲ್ಲ. ಅಡಿಗೆಯ ಹಿರಿಮೆಯನ್ನು ಅಳೆಯುವ ಕೋಲಾದರೂ ಫ್ರಾನ್ಸಿನದೇ. ಮಿಶೆಲಿನ್ ಕೈಪಿಡಿಯು ೧೯೦೦ರಲ್ಲಿ ಹುಟ್ಟಿ, ೧೯೨೬ರಿಂದ ಭೋಜನಶಾಲೆಗಳಿಗೆ ನಕ್ಷತ್ರಗಳನ್ನು ಕೊಡತೊಡಗಿತು. ಮೂರು ನಕ್ಷತ್ರಗಳೆಂದರೆ ಅದಕ್ಕಾಗಿಯೇ ಪ್ರಯಾಣ ಕೈಗೊಳ್ಳಲು ಯೋಗ್ಯವಾದ ಸ್ಥಳವೆಂದರ್ಥ. ಹಸನನ ಮಸಾಲೆಯ ಬಲದಿಂದ ಎರಡನೆಯ ನಕ್ಷತ್ರವು ಬರುವುದು ಮ್ಯಾಲರಿಯ ಮನೆಗೆ; ಆ ಮಸಾಲೆಯ ತವರಾದ ಮೇಸೋಂ ಮುಂಬಯಿಗೆ ನಕ್ಷತ್ರದ ಮಾತೇ ಇಲ್ಲ. ಇಂಥ ಸಂಧಿಯನ್ನು ಸಮಾನರ ಸಂಧಿಯೆಂದು ಕರೆಯುವ ಮುನ್ನ ವಿಮರ್ಶಕನು ಸ್ವಲ್ಪ ತಡೆಯಬೇಕಾಗುತ್ತದೆ.

ಮುಕ್ತಾಯಗಳಲ್ಲಿಯೂ ಭೇದವುಂಟು. ಕಾದಂಬರಿಯ ಹಸನನು ಪ್ಯಾರಿಸಿನಲ್ಲಿ ಸ್ವಂತ ಭೋಜನಶಾಲೆಯನ್ನು ಸ್ಥಾಪಿಸಿ ಮೂರನೆಯ ನಕ್ಷತ್ರವನ್ನು ಪಡೆಯುತ್ತಾನೆ. ಆ ಹೊತ್ತಿಗೆ ತಂದೆಯೂ ಗುರುವೂ ಕಾಲವಾಗಿರುತ್ತಾರೆ. ಗೆಲವಿನ ನಡುವಿನ ಆ ಏಕಾಂತವು ಕೃತಿಗೆ ಒಪ್ಪುವ ವಿಷಾದವನ್ನು ತಂದಿದೆ. ಚಿತ್ರದ ಹಸನನು ಪ್ಯಾರಿಸಿನ ಕೀರ್ತಿಯನ್ನು ಬಿಟ್ಟು ಊರಿಗೆ ಹಿಂದಿರುಗುತ್ತಾನೆ. ಎರಡು ಮನೆಯವರೂ ಮೇಸೋಂ ಮುಂಬಯಿಯ ಅಂಗಳದಲ್ಲಿ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಪ್ರೇಕ್ಷಕರನ್ನು ಸಂತೋಷದಿಂದ ಮನೆಗೆ ಕಳುಹಿಸುವ ಉಪಾಯವಿದೆಂದು ತಳ್ಳಿಬಿಡುವುದು ಸುಲಭ. ಆದರೆ ಕಡೆಯ ಪಂಕ್ತಿಯನ್ನು ಹಾಕಿರುವುದು ರಸ್ತೆಯ ಈಚೆಗೆ, ತಂದೆಯ ಅಂಗಳದಲ್ಲಿ, ಎಂಬುದನ್ನು ಗಮನಿಸಬೇಕು. ಒಮ್ಮುಖವಾಗಿದ್ದ ಹಾದಿಗೆ ಇನ್ನೊಂದು ಮುಖವೂ ಉಂಟೆಂದು ಚಿತ್ರವು ಇಲ್ಲಿ ಮಾತ್ರ ಒಪ್ಪಿಕೊಂಡಿದೆ.

ಒಟ್ಟಿನ ಮೇಲೆ, ನಾಲಗೆಯ ಸತ್ಯವನ್ನು ಚಲಚ್ಚಿತ್ರವು ಚೆನ್ನಾಗಿ ತೋರಿಸಿದೆ. ಮನಸ್ಸಿನ ಸತ್ಯವು ಕಾದಂಬರಿಯಲ್ಲಿ ಉಳಿದಿದೆ. ಕೆಡಿಸಿದ ಕೈಯೇ ತಿದ್ದಬೇಕೆಂಬುದು ಅಡಿಗೆಮನೆಗೆ ಹೇಗೋ ಹಗೆಗೂ ಹಾಗೆಯೇ. ಕಥಾವಸ್ತುವನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಒಯ್ಯುವವರು ಊರನ್ನು ಬದಲಿಸಲಿ, ಹೆಸರನ್ನು ಬದಲಿಸಲಿ, ಮುಕ್ತಾಯವನ್ನೂ ಬದಲಿಸಲಿ; ಅಪರಾಧವು ಯಾರದೆಂಬುದನ್ನು ಬದಲಿಸುವಾಗ ಮಾತ್ರ ಕ್ಷಮೆಯ ಬೆಲೆಯೂ ಬದಲಾಗುತ್ತದೆಂಬುದನ್ನು ಮರೆಯಬಾರದು.