ಪ್ರಭುಲಿಂಗಲೀಲೆಯ ಪಾರ್ವತಿ: ಎರಡು ಕಳೆಗಳ ತಾತ್ಪರ್ಯ

ಏಕದೇವನಿಷ್ಠೆ ಶರಣಧರ್ಮದ ಪ್ರಾಣ. ಇಷ್ಟಲಿಂಗವೊಂದನ್ನುಳಿದು ಅನ್ಯದೈವಕ್ಕೆರಗದ ಈ ಪರಂಪರೆಯಲ್ಲಿ ಬೆಳೆದ ಕವಿಗಳು ತಮ್ಮ ಕಾವ್ಯಗಳನ್ನು ಕೈಲಾಸದ ಒಡ್ಡೋಲಗದಿಂದ ಆರಂಭಿಸಿ, ಪಾರ್ವತಿಯನ್ನೂ ಪ್ರಮಥಗಣಗಳನ್ನೂ ಪಾತ್ರಗಳನ್ನಾಗಿ ನಿಲ್ಲಿಸುವುದು ಮೇಲ್ನೋಟಕ್ಕೆ ವಿರೋಧವೆಂದು ತೋರುತ್ತದೆ. ಇದು ಪುರಾಣಗಳಿಂದ ಬಂದ ರೂಢಿಯೆಂದು ಹೇಳಿ ಮುಂದೆ ಸಾಗುವ ವಿಮರ್ಶಕರುಂಟು. ಆದರೆ ಚಾಮರಸನ ಪ್ರಭುಲಿಂಗಲೀಲೆಯ ಮಟ್ಟಿಗೆ ಈ ಸಮಾಧಾನ ಸಾಲದು. ಅಲ್ಲಿ ಪಾರ್ವತಿಯ ಪಾತ್ರ ಕಥೆಯ ಚೌಕಟ್ಟಷ್ಟೇ ಆಗಿರದೆ ಕಾವ್ಯದ ತತ್ತ್ವವನ್ನೇ ಹೊತ್ತು ನಿಂತಿದೆ.

ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿದ್ದ ಚಾಮರಸನು ಭಾಮಿನೀ ಷಟ್ಪದಿಯ 25 ಗತಿಗಳಲ್ಲಿ ಅಲ್ಲಮಪ್ರಭುವಿನ ಚರಿತ್ರೆಯನ್ನು ಹಾಡಿದ್ದಾನೆ. ಕಥೆಯ ಬೀಜವಿರುವುದು ಶಿವಪಾರ್ವತಿಯರ ಸಂವಾದದಲ್ಲಿ. ಮಾಯೆಯನ್ನು ಗೆದ್ದವರಿಲ್ಲವೆಂಬ ಹೆಮ್ಮೆ ದೇವಿಯದು. ಅಲ್ಲಮನಿದ್ದಾನೆ ಎಂಬ ಮಾತು ಶಿವನದು. ಆಗ ದೇವಿಯು ತನ್ನ ತಾಮಸ ಕಳೆಯನ್ನು ಭೂಮಿಗೆ ಕಳುಹುತ್ತಾಳೆ. ಅದು ಬನವಸೆಯ ಅರಸ ಮಮಕಾರನಿಗೂ ಮೋಹಿನಿಗೂ ಮಾಯೆಯೆಂಬ ಮಗಳಾಗಿ ಹುಟ್ಟುತ್ತದೆ. ಅಲ್ಲಮನು ನಿರಹಂಕಾರ ಸುಜ್ಞಾನಿಯರ ಮಗನಾಗಿ ಅವತರಿಸುತ್ತಾನೆ. ಮಧುಕೇಶ್ವರನ ಗುಡಿಯಲ್ಲಿ ಅವನು ಮದ್ದಳೆ ಬಾರಿಸುತ್ತಾನೆ, ಅವಳು ನರ್ತಿಸಿ ಮರುಳಾಗುತ್ತಾಳೆ. ಕೊನೆಗೆ ಅವಳ ಕೈಗೆ ಸಿಕ್ಕದೆ ಅವನು ಮರೆಯಾಗುತ್ತಾನೆ. ತಾಮಸ ಕಳೆ ಸೋತ ಬಳಿಕ ದೇವಿಯ ಸಾತ್ತ್ವಿಕ ಕಳೆ ಧರೆಗಿಳಿದು ಉಡುತಡಿಯ ಮಹಾದೇವಿಯಕ್ಕನಾಗುತ್ತದೆ.

ಈ ಕಥೆಯ ಮೇಲೆ ಒಂದು ಗುರುತರವಾದ ಆಕ್ಷೇಪಣೆಯನ್ನು ಎತ್ತಬಹುದು. ಹೆಣ್ಣು ಮಾಯೆಯೆಂಬ ಲೋಕದ ನುಡಿಯನ್ನು ಅಲ್ಲಮನೇ ತನ್ನ ವಚನದಲ್ಲಿ ನಿರಾಕರಿಸಿ, ಮಾಯೆಯ ನೆಲೆಯನ್ನು ಮನದ ಆಸೆಯಲ್ಲಿ ತೋರಿಸಿದವನು. ಅಂತಹ ಮಹಾನುಭಾವನ ಚರಿತ್ರೆಯಲ್ಲಿ ಮಾಯೆಗೆ ಹೆಣ್ಣಿನ ರೂಪ ಕೊಟ್ಟು ಅವಳನ್ನು ಸೋಲಿಸಿದ ಕವಿ, ನಾಯಕನ ಸಿದ್ಧಾಂತಕ್ಕೇ ಎರವಾದನಲ್ಲವೆ? ಶರಣರು ಸ್ತ್ರೀಗೆ ಕೊಟ್ಟ ಸಮಾನಸ್ಥಾನವನ್ನು ನೆನೆದರೆ ಈ ಪ್ರಶ್ನೆಯ ತೂಕ ಇನ್ನೂ ಹೆಚ್ಚುತ್ತದೆ.

ಇದಕ್ಕೆ ಉತ್ತರವನ್ನು ಕಾವ್ಯದ ಹೆಸರುಗಳಲ್ಲಿಯೇ ಹುಡುಕಬೇಕು. ಮಾಯೆಯ ತಂದೆ ಮಮಕಾರ, ತಾಯಿ ಮೋಹಿನಿ. ‘ನನ್ನದು’ ಎಂಬ ಭಾವವು ಮೋಹವನ್ನು ಕೂಡಿದಾಗ ಹುಟ್ಟುವುದೇ ಮಾಯೆ ಎಂಬ ಅರ್ಥ ಇಲ್ಲಿ ಸ್ಪಷ್ಟವಾಗಿದೆ. ಅಲ್ಲಮನ ತಾಯಿಯೂ ಹೆಣ್ಣೇ, ಅವಳ ಹೆಸರು ಸುಜ್ಞಾನಿ. ಹೆಣ್ತನವೇ ಮಾಯೆಯ ಕಾರಣವೆಂದು ಕವಿ ಬಗೆದಿದ್ದರೆ ಪ್ರಭುವಿನ ಜನನಕ್ಕೆ ಈ ಹೆಸರನ್ನು ಆರಿಸುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಂಧಿಸಬಂದ ಮಾಯೆಯೂ ಬಂಧ ಹರಿದ ಮಹಾದೇವಿಯೂ ಒಬ್ಬಳೇ ದೇವಿಯ ಎರಡು ಕಳೆಗಳು.

ಇಲ್ಲಿಯೇ ಶಕ್ತಿತತ್ತ್ವದ ಆಧ್ಯಾತ್ಮಿಕಾರ್ಥ ತೆರೆದುಕೊಳ್ಳುತ್ತದೆ. ಮಗ್ಗೆಯ ಮಾಯಿದೇವನು ಅನುಭವಸೂತ್ರದಲ್ಲಿ ಈ ತತ್ತ್ವವನ್ನು ಶಾಸ್ತ್ರರೀತಿಯಿಂದ ನಿರೂಪಿಸಿದ್ದಾನೆ. ಒಂದೇ ಶಕ್ತಿ ಲಿಂಗವನ್ನಾಶ್ರಯಿಸಿ ಕಲೆಯೆನಿಸುತ್ತದೆ, ಅಂಗವನ್ನಾಶ್ರಯಿಸಿ ಭಕ್ತಿಯೆನಿಸುತ್ತದೆ. ಶಕ್ತಿಯದು ಪ್ರವೃತ್ತಿಮಾರ್ಗ, ಭಕ್ತಿಯದು ನಿವೃತ್ತಿಮಾರ್ಗ. ಜಗತ್ತನ್ನು ಹರಡುವ ಬಲವೇ ಹಿಂದಿರುಗಿ ಹರಿದಾಗ ಜೀವನನ್ನು ಶಿವನಲ್ಲಿ ಕೂಡಿಸುತ್ತದೆ. ಮಾಯಿದೇವನು ಸೂತ್ರದಲ್ಲಿ ಹೇಳಿದುದಕ್ಕೆ ಚಾಮರಸನ ಕಥೆ ಮೈಗೊಟ್ಟಂತಿದೆ. ಆದುದರಿಂದ ಭಕ್ತನಾದವನು ಪಾರ್ವತಿಯನ್ನು ಕೈಲಾಸದಲ್ಲಿ ಮಾತ್ರ ಅರಸಬೇಕಾಗಿಲ್ಲ. ಅವಳು ಅವನವನ ಅಂಗದಲ್ಲಿಯೇ ನೆಲೆಸಿರುವ ಶಕ್ತಿ. ಆ ಶಕ್ತಿ ಯಾವ ಕಡೆಗೆ ಮುಖಮಾಡಿದೆ ಎಂಬುದೇ ಸಾಧಕನ ಪ್ರಶ್ನೆ.

ಕಾವ್ಯದ ಬಂಧವೂ ಈ ಅರ್ಥವನ್ನೇ ಪೋಷಿಸುತ್ತದೆ. ದೇವಿಯ ಎರಡು ಕಳೆಗಳೂ ಅಲ್ಲಮನನ್ನು ಎದುರುಗೊಳ್ಳುತ್ತವೆ. ಬನವಸೆಯಲ್ಲಿ ಮಾಯೆ ಅವನನ್ನು ತನ್ನವನನ್ನಾಗಿ ಮಾಡಿಕೊಳ್ಳಲು ಬರುತ್ತಾಳೆ, ಅವನು ದಕ್ಕುವುದಿಲ್ಲ. ಕಲ್ಯಾಣದಲ್ಲಿ ಮಹಾದೇವಿ ಕೌಶಿಕನ ಅರಮನೆಯನ್ನೂ ದೇಹದ ಅಭಿಮಾನವನ್ನೂ ನೀಗಿ ಬರುತ್ತಾಳೆ, ಅವನು ಪರೀಕ್ಷಿಸಿ ಒಪ್ಪಿ ಮನ್ನಿಸುತ್ತಾನೆ. ಪಡೆಯಬಂದವಳಿಗೆ ಸಿಗದ ಪ್ರಭು ತನ್ನನ್ನೇ ತೆತ್ತವಳಿಗೆ ಗುರುವಾಗಿ ದೊರೆಯುತ್ತಾನೆ. ಹೀಗೆ ಪಾರ್ವತಿಯ ಸೋಲು ಕಥೆಯ ಅರ್ಧಭಾಗ ಮಾತ್ರ. ಉಳಿದರ್ಧ ಅವಳ ಗೆಲುವೇ ಆಗಿದೆ.

ಇಷ್ಟಾದರೂ ಕವಿ ಇದಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಾಮಲತೆಯನ್ನು ಪ್ರೀತಿಸಿ, ಅವಳ ಮರಣದಿಂದ ಕಂಗೆಟ್ಟು ಅಲೆದು, ಅನಿಮಿಷಯ್ಯನಿಂದ ಲಿಂಗವನ್ನು ಪಡೆಯುತ್ತಾನೆ. ಅಲ್ಲಿ ವೈರಾಗ್ಯ ಮೊಳೆತದ್ದು ಶೋಕದ ನೆಲದಲ್ಲಿ. ಚಾಮರಸನ ಅಲ್ಲಮನಾದರೋ ಹುಟ್ಟಿನಿಂದಲೇ ನಿರ್ಲಿಪ್ತ. ಅವನಿಗೆ ಗೆಲ್ಲಬೇಕಾದ ಮೋಹವೇ ಇಲ್ಲ. ತತ್ತ್ವಕ್ಕೆ ಇದು ನಿಷ್ಕಳಂಕವಾದರೂ ನೊಂದ ಮನುಷ್ಯನಿಗೆ ಹರಿಹರನ ಅಲ್ಲಮನೇ ಹತ್ತಿರದವನು. ಮಾಯೆಯ ವಿರಹವನ್ನು ಓದುವ ಸಹೃದಯನ ಕರುಣೆ ಸೋತವಳ ಕಡೆಗೆ ವಾಲಿದರೆ ಅದು ಅವನ ತಪ್ಪಲ್ಲ. ರೂಪಕವು ಪಾತ್ರದ ಅಳಲಿಗೆ ಪೂರ್ಣ ನ್ಯಾಯ ಒದಗಿಸಿಲ್ಲ.

ಆ ಅಳಲಿಗೆ ಕಾವ್ಯದಲ್ಲಿ ದೊರೆಯುವ ಉತ್ತರ ಒಂದೇ, ಅದು ಅಕ್ಕಮಹಾದೇವಿ. ಮಾಯೆಯಲ್ಲಿ ಕಾಮವಾಗಿ ಉರಿದ ಬಯಕೆಯೇ ಅಕ್ಕನಲ್ಲಿ ಚೆನ್ನಮಲ್ಲಿಕಾರ್ಜುನನ ಹಂಬಲವಾಗಿ ಶ್ರೀಶೈಲದ ಕದಳಿಯನ್ನು ಸೇರುತ್ತದೆ. ಬಯಕೆಯನ್ನು ಕೊಲ್ಲದೆ ಅದರ ದಿಕ್ಕನ್ನು ತಿರುಗಿಸುವುದು ಶರಣರ ಸಾಧನೆ. ದೇವತಾಕಥೆಗಳನ್ನು ಅಕ್ಷರಶಃ ನಂಬುವವರಿಗೂ ಅವನ್ನು ಕಟ್ಟುಕಥೆಯೆಂದು ತಳ್ಳುವವರಿಗೂ ಕಾಣದ ಈ ಅರ್ಥ, ಕಥೆಯನ್ನು ತನ್ನ ಅಂತರಂಗಕ್ಕೆ ಹಿಡಿದ ಕನ್ನಡಿಯೆಂದು ಓದುವ ಭಕ್ತನಿಗೆ ನಿಚ್ಚಳವಾಗಿ ಕಾಣುತ್ತದೆ.