ವಿಶಲ್ ತೆಗೆದ ಕುಕ್ಕರು

2020ರ ಅಕ್ಟೋಬರ್ 12 ಮುಂಬಯಿಯಲ್ಲಿದ್ದವರಿಗೆ ನೆನಪಿರುತ್ತದೆ. ಸೋಮವಾರ ಬೆಳಗ್ಗೆ ಹತ್ತರ ಸುಮಾರಿಗೆ ಶಹರಕ್ಕೆ ಶಹರವೇ ಕರೆಂಟಿಲ್ಲದೆ ಕೂತಿತು. ಲೋಕಲ್ ಗಾಡಿಗಳು ಹಳಿಯ ಮೇಲೆ ನಿಂತಲ್ಲೇ ನಿಂತವು. ಠಾಣೆ, ನವಿ ಮುಂಬಯಿಗಳಿಗೂ ಅದೇ ಗತಿ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ನಮ್ಮಂಥವರ ವೈಫೈ ಸತ್ತಿತು. ನನ್ನ ಮಟ್ಟಿಗೆ ಮಾತ್ರ ಅವತ್ತಿನ ದೊಡ್ಡ ಸುದ್ದಿ ಬೇರೆಯೇ ಇತ್ತು. ಮುಲುಂಡಿನ ನಮ್ಮ ಒಂದೂವರೆ ಆಳು ನಿಲ್ಲುವಷ್ಟು ಅಡುಗೆಮನೆಯಲ್ಲಿ, ಓವನ್ನಿನೊಳಗೆ, ಮಗಳ ಹುಟ್ಟುಹಬ್ಬದ ಕೇಕು ಹದಿನೈದು ನಿಮಿಷ ಬೆಂದು ಅಲ್ಲಿಗೇ ನಿಂತಿತ್ತು.

ಕೇಕು ಮಾಡಿದವರಿಗೆ ಗೊತ್ತು, ನಿಲ್ಲಬಾರದ ಹೊತ್ತು ಅದು. ಸೋಡಾದಿಂದ ಹುಟ್ಟಿದ ಗುಳ್ಳೆಗಳು ಬಿಸಿಗೆ ಹಿಗ್ಗಿ ಹಿಟ್ಟನ್ನು ಮೇಲೆತ್ತಿರುತ್ತವೆ. ಅವುಗಳ ಸುತ್ತಲಿನ ಗೋಡೆ, ಅಂದರೆ ಮೊಟ್ಟೆ ಮತ್ತು ಮೈದಾ, ಇನ್ನೂ ಗಟ್ಟಿಯಾಗಿರುವುದಿಲ್ಲ. ಆಗ ಬಿಸಿ ಹೋದರೆ ಗುಳ್ಳೆ ಕುಗ್ಗುತ್ತದೆ, ಮಧ್ಯಭಾಗ ಹೊಂಡವಾಗುತ್ತದೆ. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಸುರಿಯಬಹುದು, ಉಪ್ಪಿಟ್ಟು ಗಂಟಾದರೆ ಸೌಟಿನಲ್ಲಿ ಒಡೆಯಬಹುದು. ಕೇಕಿಗೆ ಆ ದಾರಿ ಇಲ್ಲ. ಒಳಗಿಟ್ಟು ಬಾಗಿಲು ಹಾಕಿದ ಮೇಲೆ ಮಾಡಿದವರೂ ಹೊರಗಿನವರೇ.

ಕೊನೆಗೆ ಕೈಹಿಡಿದದ್ದು ಹಳೇ ಕುಕ್ಕರು. ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು ತೆಗೆದು, ವಿಶಲ್ ತೆಗೆದು, ಕುಸಿದ ಕೇಕನ್ನು ಡಬ್ಬಿ ಸಮೇತ ಅದರೊಳಗೆ ಇಳಿಸಿದೆ. ಓವನ್ ಇಲ್ಲದ ಕಾಲದಲ್ಲಿ ನಮ್ಮ ತಾಯಂದಿರು ಕೇಕು ಮಾಡುತ್ತಿದ್ದದ್ದು ಹಾಗೇ. ಮುಕ್ಕಾಲು ಗಂಟೆಯ ನಂತರ ಹೊರಬಂದದ್ದು ಬೆಂದಿತ್ತು ನಿಜ, ಆದರೆ ಅದನ್ನು ಕೇಕು ಅನ್ನಲು ಧೈರ್ಯ ಬೇಕಿತ್ತು. ಹೊಂಡಕ್ಕೆ ಜಾಮ್ ತುಂಬಿ, ಮೇಣದಬತ್ತಿ ಚುಚ್ಚಿ, ಫೋಟೋ ತೆಗೆದು, ಕರೆಂಟು ಬಂದ ಮೇಲೆ ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ನಗೆಯ ಸುರಿಮಳೆ. ‘ಪ್ರಯತ್ನಕ್ಕೆ ನೂರಕ್ಕೆ ನೂರು’ ಅಂದವರೆಷ್ಟು, ‘ನಮ್ಮನೆಯವರು ಗ್ಯಾಸೂ ಹಚ್ಚೋದಿಲ್ಲ’ ಅಂದವರೆಷ್ಟು. ಕುಮಟೆಯಿಂದ ಅಮ್ಮ ಫೋನು ಮಾಡಿದಳು. ಅವಳೂ ನಕ್ಕಳು. ಆಮೇಲೆ ಕೇಳಿದಳು: ‘ಇದೇ ನಿನ್ನ ಹೆಂಡತಿ ಹಾಳುಮಾಡಿದ್ದಿದ್ರೆ ಊರಿಗೆಲ್ಲ ಫೋಟೋ ಕಳಿಸ್ತಿದ್ಯಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇಟ್ಟುಕೊಂಡು, ಹಿಂದೆ ಇಷ್ಟಪಟ್ಟು ನೋಡಿದ್ದ ಮೂರು ಸಿನಿಮಾಗಳನ್ನು ಮತ್ತೆ ನೋಡಿದೆ. ಮೂರರಲ್ಲೂ ಅಡುಗೆ ಕೆಡುತ್ತದೆ. ಮೂರರಲ್ಲೂ ಕೆಡುವುದು ಹೆಂಗಸಿನ ಕೈಯಡುಗೆ. ಮೂರರಲ್ಲೂ ನಗು ಬರುವುದಿಲ್ಲ.

ಮೊದಲನೆಯದು ಸ್ಟೀಫನ್ ಡಾಲ್ಡ್ರಿಯ ‘ದಿ ಅವರ್ಸ್’ (2002). ಮೈಕಲ್ ಕನಿಂಗ್‌ಹ್ಯಾಮ್ 1998ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ಅದರ ಮೂರು ಕತೆಗಳಲ್ಲಿ ಒಂದು 1951ರ ಲಾಸ್ ಏಂಜಲೀಸಿನದು. ಜೂಲಿಯನ್ ಮೂರ್ ಮಾಡಿರುವ ಲಾರಾ ಬ್ರೌನ್ ಬಸುರಿ. ಅವತ್ತು ಗಂಡನ ಹುಟ್ಟುಹಬ್ಬ. ಪುಟ್ಟ ಮಗನನ್ನು ಪಕ್ಕಕ್ಕಿಟ್ಟುಕೊಂಡು ಕೇಕು ಮಾಡಲು ನಿಲ್ಲುತ್ತಾಳೆ. ಅಪ್ಪನನ್ನು ಪ್ರೀತಿಸುತ್ತೇವೆ ಅಂತ ತೋರಿಸಲು ಕೇಕು ಮಾಡುತ್ತಿದ್ದೇವೆ ಎಂದು ಮಗನಿಗೆ ಹೇಳುತ್ತಾಳೆ. ಮಾಡದಿದ್ದರೆ ಅವನಿಗೆ ಗೊತ್ತಾಗುವುದಿಲ್ಲವೇ ಅನ್ನುವುದು ಮಗನ ಪ್ರಶ್ನೆ. ಈ ಸಿನಿಮಾದ ಅತ್ಯಂತ ಕ್ರೂರ ಮಾತು ಮಗುವಿನ ಬಾಯಲ್ಲಿದೆ.

ಕೇಕು ಸೊಟ್ಟಗಾಗುತ್ತದೆ. ಪಕ್ಕದ ಮನೆಯ ಕಿಟ್ಟಿ ಬಂದು ನೋಡಿ, ಕೇಕು ಯಾರಿಗಾದರೂ ಬರುತ್ತದೆ, ಅದೇನು ಮಹಾ ಅನ್ನುತ್ತಾಳೆ. ಕಿಟ್ಟಿ ಕೆಟ್ಟವಳಲ್ಲ. ತನ್ನ ಕಾಯಿಲೆಯ ಭಯ ಹೇಳಿಕೊಳ್ಳಲು ಬಂದವಳು. ಆದರೆ ‘ಸುಲಭ’ ಅನ್ನುವ ಪದ ಎಷ್ಟು ಗಾಯ ಮಾಡಬಲ್ಲದು ಎಂಬುದನ್ನು ಆ ದೃಶ್ಯ ನೋಡಿ ತಿಳಿಯಬೇಕು. ಲಾರಾ ಮೊದಲ ಕೇಕನ್ನು ಕಸದ ಡಬ್ಬಿಗೆ ಹಾಕಿ ಇನ್ನೊಂದು ಮಾಡುತ್ತಾಳೆ. ಎರಡನೆಯದು ಲಕ್ಷಣವಾಗಿ ಬರುತ್ತದೆ. ಹಾಗೆ ಲಕ್ಷಣವಾಗಿ ಬಂದ ಕೇಕನ್ನು ಮನೆಯಲ್ಲಿಟ್ಟು, ಮಗನನ್ನು ಬೇರೆಯವರ ಹತ್ತಿರ ಬಿಟ್ಟು, ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋಟೆಲಿಗೆ ಹೋಗುತ್ತಾಳೆ. ಸಾಯದೆ ಮರಳುತ್ತಾಳೆ. ರಾತ್ರಿ ಮೇಣದಬತ್ತಿ ಹೊತ್ತುತ್ತದೆ, ಗಂಡ ಸಂತೋಷವಾಗಿದ್ದಾನೆ. ಎರಡನೇ ಮಗು ಹುಟ್ಟಿದ ಮೇಲೆ ಅವಳು ಮನೆ ಬಿಟ್ಟು ಹೋದಳು ಎಂಬುದು ನಮಗೆ ತಿಳಿಯುವುದು ಎಷ್ಟೋ ಹೊತ್ತಿನ ನಂತರ.

ಮೊದಲ ಸಲ ನೋಡಿದಾಗ ಕೆಟ್ಟ ಕೇಕೇ ಅವಳ ದುಃಖದ ಗುರುತು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಭಯ ಹುಟ್ಟಿಸುವುದು ಎರಡನೆಯ ಕೇಕು. ಕೆಟ್ಟ ಕೇಕು ಏನನ್ನೋ ಹೇಳುತ್ತಿತ್ತು, ಒಳ್ಳೆಯ ಕೇಕು ಅದರ ಬಾಯಿ ಮುಚ್ಚಿಸಿತು. ಎಲ್ಲ ಸರಿಯಾಗಿದೆ ಎಂದು ಮೇಜಿನ ಮೇಲೆ ಕೂತು ಸುಳ್ಳು ಹೇಳುವ ಕೇಕು ಅದು.

ಎರಡನೆಯದು ನಮಗೆ ತೀರ ಹತ್ತಿರದ ‘ಇಂಗ್ಲಿಷ್ ವಿಂಗ್ಲಿಷ್’ (2012). ಪುಣೆಯಲ್ಲಿ ಉಪ್ಪಿನಕಾಯಿ ವ್ಯಾಪಾರ ಮಾಡುತ್ತಿದ್ದ ತನ್ನ ತಾಯಿಯೇ ಈ ಸಿನಿಮಾಕ್ಕೆ ಪ್ರೇರಣೆ ಎಂದು ನಿರ್ದೇಶಕಿ ಗೌರಿ ಶಿಂಧೆ ಹೇಳಿದ್ದಾರೆ. ಸಿನಿಮಾದಲ್ಲಿ ಅದು ಲಾಡು. ಶ್ರೀದೇವಿಯ ಶಶಿ ಗೋಡ್‌ಬೋಲೆ ಲಾಡು ಮಾಡಿ ಮಾರುತ್ತಾಳೆ. ಇಂಗ್ಲಿಷ್ ಬಾರದ್ದಕ್ಕೆ ಗಂಡ, ಮಗಳಿಂದ ದಿನಾ ಸಣ್ಣಗೆ ಚುಚ್ಚಿಸಿಕೊಳ್ಳುತ್ತಾಳೆ. ಅಕ್ಕನ ಮಗಳ ಮದುವೆಗೆಂದು ನ್ಯೂಯಾರ್ಕಿಗೆ ಹೋದವಳು ಯಾರಿಗೂ ಹೇಳದೆ ನಾಲ್ಕು ವಾರದ ಇಂಗ್ಲಿಷ್ ತರಗತಿಗೆ ಸೇರುತ್ತಾಳೆ. ಮುಂಬಯಿಗೆ ಬಂದ ಹೊಸದರಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಮೂರರಲ್ಲೂ ತಡವರಿಸಿದ ನಮಗೆ ಆ ಕಾಫಿ ಅಂಗಡಿಯ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ.

ಕೊನೆಯ ಪರೀಕ್ಷೆ ಮದುವೆಯ ದಿನವೇ ಬೀಳುತ್ತದೆ. ಲಾಡು ಮುಗಿಸಿ, ನಡುವೆ ಓಡಿಹೋಗಿ ಬಂದುಬಿಡುವ ಲೆಕ್ಕ ಅವಳದು. ಲಾಡಿನ ತಟ್ಟೆ ಹಿಡಿದು ಬರುವಾಗ ಮಗನ ತುಂಟಾಟಕ್ಕೆ ಬೆಚ್ಚಿ ತಟ್ಟೆ ಕೈಜಾರುತ್ತದೆ. ಅಷ್ಟೂ ಲಾಡು ನೆಲದ ಪಾಲು. ಪರೀಕ್ಷೆಗೆ ಹೋಗು ಎಂದು ರಾಧಾ ಒತ್ತಾಯಿಸಿದರೂ ಅವಳು ಹೋಗುವುದಿಲ್ಲ. ಮತ್ತೆ ಲಾಡು ಕಟ್ಟಲು ಕೂರುತ್ತಾಳೆ.

ಈ ದೃಶ್ಯವನ್ನು ಎರಡು ರೀತಿ ಓದಬಹುದು. ಒಂದು, ಸ್ವಾಭಿಮಾನದ ಓದು. ಇಂಗ್ಲಿಷು ನಿನ್ನೆ ಬಂದದ್ದು, ಲಾಡು ಅವಳ ಕಸುಬು. ಕಸುಬುದಾರ ತನ್ನ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ, ಅಂಗಡಿಯ ಮಾಲನ್ನು ತನ್ನದೆಂದು ಬಡಿಸುವುದಿಲ್ಲ. ಈ ಓದಿಗೆ ನನ್ನ ಪೂರ್ತಿ ಗೌರವವಿದೆ. ಮಾಟುಂಗದ ಹೋಟೆಲುಗಳಲ್ಲಿ ಬೆಳಗಿನ ಜಾವ ಇಡ್ಲಿ ಹಿಟ್ಟು ಹುಳಿ ಹೆಚ್ಚಾಯಿತೆಂದು ಸುರಿದು ಮತ್ತೆ ಶುರುಮಾಡಿದವರ ಮಕ್ಕಳು, ಮೊಮ್ಮಕ್ಕಳು ಇದನ್ನು ಓದುತ್ತಿರಬಹುದು. ಆ ಹಟ ಏನೆಂದು ಅವರಿಗೆ ಗೊತ್ತು.

ಇನ್ನೊಂದು ಓದು ಅಷ್ಟು ಹಿತವಲ್ಲ. ಶಶಿಯ ಮೇಲಿದ್ದ ಒತ್ತಡ ಗಡಿಯಾರದ್ದಲ್ಲ. ಮದುವೆಮನೆ ತುಂಬ ಜನ, ಕೈಗಳಿಗೇನು ಬರ. ಆದರೆ ‘ನನಗೆ ಇವತ್ತು ಪರೀಕ್ಷೆ ಇದೆ, ನೀವ್ಯಾರಾದರೂ ಲಾಡು ಕಟ್ಟಿ’ ಎಂದು ಅವಳು ಹೇಳುವ ಹಾಗಿಲ್ಲ, ಏಕೆಂದರೆ ಕಲಿಯುತ್ತಿರುವುದೇ ಗುಟ್ಟು. ಗಂಡ ಸತೀಶನಿಗೆ ಗೊತ್ತಿಲ್ಲ. ಇವಳು ಹುಟ್ಟಿದ್ದೇ ಲಾಡು ಮಾಡಲಿಕ್ಕೆ ಎಂದು ತಮಾಷೆ ಮಾಡಿದವನ ಎದುರು, ಲಾಡಿಗಿಂತ ಮುಖ್ಯವಾದ ಕೆಲಸವೊಂದು ತನಗಿದೆ ಎಂದು ಅವಳು ಹೇಗೆ ಹೇಳಬೇಕು? ಬಿದ್ದ ಲಾಡು ಅವಳನ್ನು ಅವನ ಮಾತಿನೊಳಕ್ಕೇ ಕೂಡಿಹಾಕಿತು.

ಇಲ್ಲಿ ಸಿನಿಮಾ ನಮ್ಮನ್ನು ಸುಲಭಕ್ಕೆ ಬಿಟ್ಟುಬಿಡುತ್ತದೆ ಅನ್ನುವುದು ನನ್ನ ತಕರಾರು. ರಾಧಾ ಕರೆದದ್ದರಿಂದ ಮೇಷ್ಟ್ರು, ಸಹಪಾಠಿಗಳು ಮದುವೆಗೇ ಬರುತ್ತಾರೆ. ಶಶಿ ಅಲ್ಲೇ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ, ಅಲ್ಲೇ ಪಾಸಾಗುತ್ತಾಳೆ. ಆ ಭಾಷಣ ಕೇಳಿ ನಾನೂ ಕಣ್ಣೊರೆಸಿಕೊಂಡವನೇ. ಆದರೆ ಹೆಚ್ಚಿನ ಮನೆಗಳಲ್ಲಿ ಪರೀಕ್ಷೆ ಅಡುಗೆಮನೆಯ ಬಾಗಿಲಿಗೆ ಬರುವುದಿಲ್ಲ. ಮೇಷ್ಟ್ರು ಬರದಿದ್ದರೆ? ಲಾಡು ಹಂಚಿ, ತಟ್ಟೆ ತೊಳೆದು, ಯಾರಿಗೂ ಹೇಳದೆ ಪುಣೆಗೆ ಮರಳುವ ಶಶಿಯ ಸಿನಿಮಾವನ್ನು ಯಾರೂ ತೆಗೆದಿಲ್ಲ. ತೆಗೆದರೆ ಅದರಲ್ಲಿ ನಮ್ಮ ಚಿಕ್ಕಮ್ಮಂದಿರೆಲ್ಲ ಇರುತ್ತಾರೆ. ಇನ್ನೂ ಒಂದು ಮಾತು. ಭಾಷಣ ಮುಗಿದ ಮೇಲೆ, ಈಗಲೂ ನನ್ನನ್ನು ಪ್ರೀತಿಸುತ್ತೀಯಾ ಎಂದು ಗಂಡ ಕೇಳಿದಾಗ, ಇಲ್ಲದಿದ್ದರೆ ಎರಡು ಲಾಡು ಯಾಕೆ ಕೊಡುತ್ತಿದ್ದೆ ಅನ್ನುತ್ತಾಳೆ. ಚೆಂದದ ಮಾತು. ಆದರೆ ಲಾರಾಳ ಮಗ ಕೇಳಿದ ಪ್ರಶ್ನೆ ಅಲ್ಲೇ ಉಳಿಯಿತು. ಲಾಡು ಕೊಡದಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲವೇ?

ಮೂರನೆಯದು ಮುಂಬಯಿಯದೇ, ರಿತೇಶ್ ಬಾತ್ರಾರ ‘ದಿ ಲಂಚ್‌ಬಾಕ್ಸ್’ (2013). ಇಲಾ ಗಂಡನ ಮನಸ್ಸು ಗೆಲ್ಲಲು ಹೊಸ ರುಚಿಯ ಡಬ್ಬಿ ಕಟ್ಟುತ್ತಾಳೆ. ಮೇಲಿನ ಮನೆಯ ದೇಶಪಾಂಡೆ ಆಂಟಿ ಕಿಟಕಿಯಿಂದ ಬುಟ್ಟಿ ಇಳಿಬಿಟ್ಟು ಮಸಾಲೆ ಕೊಡುತ್ತಾಳೆ. ಡಬ್ಬಿ ತಪ್ಪಿ, ನಿವೃತ್ತಿಗೆ ಹತ್ತಿರವಾದ ಗುಮಾಸ್ತ ಸಾಜನ್ ಫರ್ನಾಂಡಿಸನ ಮೇಜಿಗೆ ಹೋಗುತ್ತದೆ. ಓವನ್ನಿಗೆ ಹೋದ ಕೇಕಿನಂತೆ, ಡಬ್ಬಾವಾಲನ ಕೈಗೆ ಕೊಟ್ಟ ಡಬ್ಬಿಯೂ ಮಾಡಿದವರ ಕೈಮೀರಿದ್ದು. ಚರ್ಚ್‌ಗೇಟಿನ ಗಾಡಿ ಹತ್ತಿದ ಮೇಲೆ ಉಪ್ಪು ನೋಡಲಿಕ್ಕಾಗುವುದಿಲ್ಲ.

ಡಬ್ಬಿ ನೆಕ್ಕಿದಷ್ಟು ಖಾಲಿಯಾಗಿ ಬಂದದ್ದು ನೋಡಿ ಹಿಗ್ಗಿದ ಇಲಾ, ಗಂಡ ಹೊಗಳಿದ್ದು ತಾನು ಮಾಡಿಯೇ ಇಲ್ಲದ ಪಲ್ಯವನ್ನು ಎಂದು ತಿಳಿದಾಗ ಪೆಚ್ಚಾಗುತ್ತಾಳೆ. ಮರುದಿನ ಒಂದು ಚೀಟಿ ಇಡುತ್ತಾಳೆ. ಸಾಜನ್ ಬರೆಯುವ ಮೊದಲ ಉತ್ತರ ಥ್ಯಾಂಕ್ಸ್ ಅಲ್ಲ, ಇವತ್ತು ಉಪ್ಪು ಜಾಸ್ತಿಯಾಗಿತ್ತು ಅಂತ. ದೇಶಪಾಂಡೆ ಆಂಟಿಗೆ ಸಿಟ್ಟು ಬರುತ್ತದೆ, ಮರುದಿನದ ಡಬ್ಬಿಗೆ ಮೆಣಸು ಬೀಳುತ್ತದೆ. ನನಗೆ ಇಡೀ ಸಿನಿಮಾದಲ್ಲಿ ಅತಿ ಇಷ್ಟವಾದದ್ದು ಈ ಜಗಳ. ಗಂಡ ಮನೆಯಲ್ಲೇ ಇದ್ದು ರುಚಿ ನೋಡಲಿಲ್ಲ, ಅಪರಿಚಿತ ಉಪ್ಪು ಹೆಚ್ಚು ಅಂದ. ಬೈದವನು ತಿಂದವನು ಕೂಡ. ಅಡುಗೆ ಕೆಟ್ಟರೆ ಕೆಟ್ಟಿತು ಎನ್ನಬಹುದಾದ, ಅದಕ್ಕೆ ಖಾರದಲ್ಲಿ ಉತ್ತರ ಕೊಡಬಹುದಾದ ಜಾಗವೊಂದು ಇಲಾಳಿಗೆ ಸಿಕ್ಕಿತು. ಲಾರಾಳಿಗೆ ಅದು ಸಿಗಲಿಲ್ಲ. ಶಶಿಗೆ ಸಿಕ್ಕಿದ್ದು ಮೈಕು ಕೈಗೆ ಬಂದ ಮೇಲೆ.

ಆಮೇಲೆ ಇಲಾ ಸಾಜನನನ್ನು ಕಾಣಲು ಹೋಗಿ ಕೂತು ಕಾಯುವ ಕೆಫೆಯ ದೃಶ್ಯ ಚಿತ್ರಿತವಾದದ್ದು ಮಾಟುಂಗದ ಕೂಲರ್ ಆಂಡ್ ಕಂಪನಿಯಲ್ಲಿ. ಅವನು ಎದುರಿಗೆ ಬರುವುದಿಲ್ಲ. ಮರುದಿನ ಅವಳು ಕಳಿಸುವುದು ಖಾಲಿ ಡಬ್ಬಿ. ಕೆಟ್ಟ ಅಡುಗೆಯಲ್ಲ, ಒಳ್ಳೆಯ ಅಡುಗೆಯೂ ಅಲ್ಲ, ಏನೂ ಮಾಡದೆ ಇರುವುದು. ಸರಿಯಾದ ಎರಡನೇ ಕೇಕು ಮಾಡಿ ಬಾಯಿ ಮುಚ್ಚಿಕೊಂಡ ಲಾರಾಳ ಪಕ್ಕ ಈ ಖಾಲಿ ಡಬ್ಬಿಯನ್ನು ಇಟ್ಟು ನೋಡಿ. ಇವಳು ಸಿಟ್ಟನ್ನು ಮುಚ್ಚಳ ಹಾಕಿ ಕಳಿಸಿದಳು, ಅದು ತಲುಪಿತು ಕೂಡ.

ಮೂರೂ ಸಿನಿಮಾಗಳನ್ನು ಒಟ್ಟಿಗೆ ನೋಡಿದಾಗ ಹೊಳೆದದ್ದು ಇಷ್ಟು. ನಾವು ಒತ್ತಡ ಅಂದ ಕೂಡಲೇ ಸಮಯದ ಲೆಕ್ಕ ಹಾಕುತ್ತೇವೆ. ಡೆಡ್‌ಲೈನು, 8.12ರ ಫಾಸ್ಟು, ಸಂಜೆ ಏಳಕ್ಕೆ ಬರುವ ನೆಂಟರು. ಟಿವಿಯ ಅಡುಗೆ ಸ್ಪರ್ಧೆಗಳೂ ಗಡಿಯಾರವನ್ನೇ ತೋರಿಸಿ ನಮ್ಮನ್ನು ಹೆದರಿಸುತ್ತವೆ. ಆದರೆ ಈ ಮೂವರನ್ನು ಹಿಂಡಿದ್ದು ಗಡಿಯಾರವಲ್ಲ. ಕೆಟ್ಟಿತು ಎಂದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದಿದ್ದದ್ದು. ಕೆಟ್ಟ ಅಡುಗೆ ಅಡುಗೆಯಾಗಿ ಉಳಿಯದೆ ಮಾಡಿದವಳ ಮೇಲಿನ ತೀರ್ಪಾಗುತ್ತಿದ್ದದ್ದು.

ನಾನು ಕೇಕು ಕೆಡಿಸಿದಾಗ ಕೆಟ್ಟದ್ದು ಕೇಕು ಮಾತ್ರ. ತಂದೆ ಅನ್ನುವ ನನ್ನ ಪದವಿಗೆ ಧಕ್ಕೆ ಬರಲಿಲ್ಲ, ಬದಲಿಗೆ ಎರಡು ಅಂಕ ಹೆಚ್ಚೇ ಬಿತ್ತು. ಕರೆಂಟಿನ ಮೇಲೆ ತಪ್ಪು ಹೊರಿಸಿದರೆ ಎಲ್ಲರೂ ಒಪ್ಪಿದರು. ನನ್ನ ಹೆಂಡತಿ ಮಾಡಿದ್ದರೆ, ಬೆಳಗ್ಗೆ ಬೇಗ ಎದ್ದು ಇಡಬಾರದಿತ್ತಾ ಎಂದು ಯಾರಾದರೂ ಕೇಳುತ್ತಿದ್ದರು. ಬಹುಶಃ ನಾನೇ.

ಅಮ್ಮ ಹಬ್ಬದ ದಿನ ಹೋಳಿಗೆ ಬೇಯಿಸುವಾಗ ಒಲೆಯ ಪಕ್ಕ ಒಂದು ತಟ್ಟೆ ಇಟ್ಟುಕೊಳ್ಳುತ್ತಿದ್ದಳು. ಹೂರಣ ಹೊರಬಂದವು, ಕಾವಲಿಗೆ ಅಂಟಿ ಹರಿದವು ಅದಕ್ಕೆ ಬೀಳುತ್ತಿದ್ದವು. ಪಂಕ್ತಿಗೆ ಬರುತ್ತಿದ್ದವೆಲ್ಲ ದುಂಡಗಿನವು. ಹರಿದವನ್ನು ಅವಳು ಕೊನೆಗೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ಅವಳಿಗೆ ಹರಿದ ಹೋಳಿಗೆಯೇ ಇಷ್ಟ ಎಂದು ನಾವು ಮಕ್ಕಳು ಎಷ್ಟೋ ವರ್ಷ ನಂಬಿದ್ದೆವು.

ಕುಕ್ಕರಿನಲ್ಲಿ ಕೇಕು ಮಾಡುವವರು ಮೊದಲು ಕಲಿಯಬೇಕಾದದ್ದು ವಿಶಲ್ ತೆಗೆಯುವುದನ್ನು. ಒತ್ತಡ ಹೊರಹೋಗಲು ದಾರಿ ಇದ್ದರೆ ಮಾತ್ರ ಅದು ಓವನ್ನಾಗುತ್ತದೆ. ಈ ವರ್ಷ ಮಗಳ ಹುಟ್ಟುಹಬ್ಬಕ್ಕೆ ಅಮ್ಮ ಮುಲುಂಡಿಗೆ ಬಂದಿದ್ದಳು. ಹೋಳಿಗೆ ಮಾಡಿದಳು. ಹರಿದವುಗಳ ತಟ್ಟೆಯನ್ನು ನಾನು ಎತ್ತಿಕೊಂಡು ಬಂದು ನಡುವೆ ಇಟ್ಟೆ. ಅಮ್ಮನಿಗೆ ಮುಜುಗರವಾಯಿತು, ‘ಅದ್ಯಾಕೆ ತಂದೆ’ ಅಂದಳು. ಮಗಳು ಒಂದು ತೆಗೆದುಕೊಂಡಳು.